ಒಂಟೆ ಬಾಲ, ಹರಳಿನ ವಿಷ

ನದಿ ದಡದಲ್ಲೊಂದು ಆಶ್ರಮ. ಜಪ ಇಲ್ಲ, ತಪ ಇಲ್ಲ. ಹರಳು ಬೀಜದ ವಿಷಕ್ಕೆ ಮದ್ದು ಹುಡುಕೋದೇ ಅಲ್ಲಿನ ಪೂಜೆ.

ಗುರು ಸಾಕಮ್ಮನೋರು. ಶಿಷ್ಯ ಬೀರೇಶ.

ಒಂಟೆ ರಕ್ತದಲ್ಲಿ ಪುಟಾಣಿ ಪ್ರತಿಕಾಯಗಳು ಸಿಗ್ತವೆ. ವಿಷ ಕಂಡ್ರೆ ಹೋಗಿ ಕಚ್ಕೊಳ್ತವೆ. ಅದಕ್ಕೇ ಆ ಆಶ್ರಮದಲ್ಲಿ ಹಸು ಬದಲು ಒಂಟೆ. ತೀರ್ಥ ಕೇಳ್ಕೊಂಡು ಬಂದ ಭಕ್ತರೆಲ್ಲ ಪೆಚ್ಚಾಗಿ ವಾಪಸ್ ಹೋಗ್ತಿದ್ರು.

ಬೀರೇಶನಿಗೆ ಒಂದು ಪ್ರತಿಕಾಯ ಸಿಕ್ತು. ಎಷ್ಟು ತೊಳೆದ್ರೂ ಹಿಡಿದ ವಿಷಾನ ಬಿಡ್ಲೇ ಇಲ್ಲ. ಕುಣಿದಾಡಿಬಿಟ್ಟ. ವಿಷದ ಜೊತೆ ಅದನ್ನೂ ಜೀವಕೋಶಗಳ ಮೇಲೆ ಹಾಕ್ದ.

ಬೆಳಗ್ಗೆ ನೋಡಿದ್ರೆ ಕೋಶ ಎಲ್ಲ ಸತ್ತಿದ್ವು.

ಇಷ್ಟು ಗಟ್ಟಿ ಹಿಡಿದ್ರೂ ಯಾಕೆ ಹೀಗಾಯ್ತು ಅಂತ ಹೋಗಿ ಕೇಳ್ದ.

ಗುರು ಒಂಟೆ ಬಿಚ್ಚಿ, ಬಾಲ ಹಿಡ್ಕೊ ಅಂದ್ರು. ಹಿಡ್ಕೊಂಡ. ಒಂಟೆ ಅವನನ್ನ ಎಳ್ಕೊಂಡೇ ಹೋಗಿ ಅವರೆ ಬಳ್ಳಿ ಪೂರ್ತಿ ಮೇಯ್ತು.

“ಎಷ್ಟು ಗಟ್ಟಿ ಅಂತಲ್ಲ ಕಣೋ, ಎಲ್ಲಿ ಹಿಡಿದೆ ಅಂತ ನೋಡು. ನಿನ್ನ ಪ್ರತಿಕಾಯ ವಿಷದ ಬಾಲ ಹಿಡ್ಕೊಂಡಿದೆ. ವಿಷದ ಬಾಯಿ ತೆರೆದೇ ಇದೆ. ಚೆಲ್ಲು ಅದನ್ನ.”

“ಚೆಲ್ಲಲ್ಲ.”

“ಹಂಗಾದ್ರೆ ಅದನ್ನ ಕಟ್ಕೊಂಡು ನೀನೂ ಹೊರಡು.”

ಬೀರೇಶ ಹೊರಡ್ಲಿಲ್ಲ. ವಿಷದ ಮೇಲೆ ಯಾವ ಪ್ರತಿಕಾಯ ಎಲ್ಲಿ ಕೂರುತ್ತೆ ಅಂತ ನಕ್ಷೆ ಬರೆಯೋಕೆ ಕೂತ. ಮೊದ್ಲು ತನ್ನದನ್ನ ಕೂರಿಸೋನು, ಆಮೇಲೆ ಇನ್ನೊಂದನ್ನ ಬಿಡೋನು. ಜಾಗ ಸಿಗ್ಲಿಲ್ಲ ಅಂದ್ರೆ ಎರಡರದ್ದೂ ಒಂದೇ ಸೀಟು. ಸಿಕ್ತು ಅಂದ್ರೆ ಬೇರೆ ಬೇರೆ. ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕೋರದ್ದೇ ಲೆಕ್ಕಾಚಾರ.

ಗುರು ದಿನಾ ಬಂದು, ಗಂಟು ಕಟ್ಟಿದ್ಯಾ ಅಂತ ಕೇಳೋರು. ಚೀಲ ಹರಿದಿದೆ, ಹೊಲೀಬೇಕು ಅನ್ನೋನು.

ಕೊನೆಗೆ ವಿಷದ ಬಾಯಿ ಮೇಲೇ ಕೂರೋದೊಂದು ಸಿಕ್ತು. ಆದ್ರೆ ಹಿಡಿತ ಸಡಿಲ, ಕೂತಷ್ಟೇ ಬೇಗ ಜಾರೋದು. ಕೆಲಸಕ್ಕೆ ಬಾರದ್ದು ಅಂತ ಗುರುಗಳೇ ಹಿಂದೆ ಮೂಲೆಗೆ ಹಾಕಿದ್ರು.

ಎರಡರ ಸೀಟೂ ಬೇರೆ ಬೇರೆ. ಬೀರೇಶ ಮಧ್ಯೆ ಒಂದು ಸಣ್ಣ ಕೊಂಡಿ ಹಾಕಿ ಎರಡನ್ನೂ ಜೋಡಿಸ್ದ. ಬಾಲ ಹಿಡಿದದ್ದು ಬಿಡಲ್ಲ. ಅದು ಬಿಡದೇ ಇರೋದಕ್ಕೆ, ಬಾಯಿ ಮುಚ್ಚಿದ್ದು ಜಾರಿದ್ರೂ ದೂರ ಹೋಗಲ್ಲ, ಮತ್ತೆ ಅಲ್ಲೇ ಬಂದು ಕೂರುತ್ತೆ.

ಈ ಸಲ ಬೆಳಗ್ಗೆ ಕೋಶಗಳು ಬದುಕಿದ್ವು.

ಕೋಶಗಳಿದ್ದ ತಟ್ಟೆ ತಂದು ಗುರು ಮುಂದೆ ಇಟ್ಟ.

“ನಿಮ್ಮ ಮಾತು ಕೇಳಿದ್ರೆ ಇದು ಮೋರಿ ಸೇರ್ತಿತ್ತು. ಕೇಳದೇ ಇದ್ದಿದ್ದಕ್ಕೆ ಕ್ಷಮೆ ಗಿಮೆ ಕೇಳಲ್ಲ. ಹೋಗು ಅಂದ್ರೆ ಈಗ್ಲೇ ಹೋಗ್ತೀನಿ ಅಮ್ಮಾ.”

ಸಾಕಮ್ಮನೋರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತುಂಬ ಹೊತ್ತು ನೋಡಿದ್ರು. ತಲೆ ಎತ್ತದೇ ಹೇಳಿದ್ರು:

“ಚೆಲ್ಲು ಅಂದ ತಕ್ಷಣ ಚೆಲ್ಲಿದ ಶಿಷ್ಯರು ನಂಗೆ ಬೇಕಾದಷ್ಟು ಜನ ಇದ್ರು. ಎಲ್ಲಾ ಒಳ್ಳೊಳ್ಳೆ ಹುದ್ದೇಲಿದಾರೆ. ವಿಷ ಮಾತ್ರ ಇದ್ದ ಹಾಗೇ ಇತ್ತು.”