ಬಾರೇಗುಡ್ಡದ ಹೆಸರು

ಸುಣಗಿಹಾಳದ ಪಡುವಣ ದಿಕ್ಕಿಗೆ, ಹೊಲಗಳು ಮುಗಿದು ಕಲ್ಲುನೆಲ ಶುರುವಾಗುವಲ್ಲಿ, ನೆತ್ತಿ ಸೀಳಿದಂತೆ ಎರಡಾಗಿ ನಿಂತಿರುವ ಬೋಳು ಗುಡ್ಡಕ್ಕೆ ಬಾರೇಗುಡ್ಡವೆಂದು ಹೆಸರು. ನಡುವಿನ ಕೊರಕಲು ಎಷ್ಟು ಆಳವೆಂದರೆ ಸೂರ್ಯ ನೆತ್ತಿಗೆ ಬಂದಾಗ ಮಾತ್ರ ಅದರ ತಳಕ್ಕೆ ಬಿಸಿಲು ಬೀಳುತ್ತದೆ. ಹೊಸಬರು ಹೆಸರು ಕೇಳಿ ಬಾರೆಹಣ್ಣಿನ ಗಿಡ ಹುಡುಕುತ್ತಾರೆ, ಒಂದೂ ಸಿಕ್ಕುವುದಿಲ್ಲ. ಹಣ್ಣಿಗೂ ಈ ಹೆಸರಿಗೂ ಸಂಬಂಧವಿಲ್ಲ, ಅದು ಹೆಂಗಸೊಬ್ಬಳು ತನ್ನ ನಾಯಿಯನ್ನು ಕರೆದ ಕೂಗು ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ, ಈ ಸೀಮೆಯ ಗುಡಿ ವಾಡೆಗಳಿಗೆಲ್ಲ ಇಲ್ಲಿಂದಲೇ ಸುಣ್ಣ ಹೋಗುತ್ತಿದ್ದ ಕಾಲದಲ್ಲಿ, ಸುಣಗಾರ ಯಮನಪ್ಪ ಮತ್ತು ಅವನ ಹೆಂಡತಿ ಮಾಳವ್ವ ಗುಡ್ಡದ ಬುಡದಲ್ಲಿ ಭಟ್ಟಿ ಹಾಕಿಕೊಂಡಿದ್ದರು. ಒಂದು ಮುಂಜಾನೆ ಸುಣ್ಣದ ಗುಂಡಿಯೊಳಗೆ ಕುಂಯ್‌ಗುಡುವ ಸದ್ದಾಯಿತು. ಮಾಳವ್ವ ಬಗ್ಗಿ ನೋಡಿದರೆ, ಯಾರೋ ಎಸೆದುಹೋದ ಹೆಣ್ಣು ನಾಯಿಮರಿ ಸುಣ್ಣದಲ್ಲಿ ಒದ್ದಾಡುತ್ತಿತ್ತು. ಅವಳು ಹಿಂದೆಮುಂದೆ ನೋಡದೆ ಗುಂಡಿಗಿಳಿದು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಮೈಗೆಲ್ಲ ಕುಸುಬಿ ಎಣ್ಣೆ ಸವರಿ, ಬಟ್ಟೆ ಅದ್ದಿ ಹಾಲು ಕುಡಿಸಿದಳು. ಮರಿಯ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ಬೂದಿ ಎಂದು ಹೆಸರಿಟ್ಟರು. ಅಲ್ಲಿಂದಾಚೆ ಮಾಳವ್ವನ ದನಿಯೇ ಬೂದಿಗೆ ದಾರಿಯಾಯಿತು. ಅವಳು ಕಲ್ಲಿನ ಬುಟ್ಟಿ ಹೊತ್ತು ಒಂದಿಷ್ಟು ದೂರ ಹೋಗಿ ‘ಬಾರೇ’ ಎಂದರೆ ಸಾಕು, ನಾಯಿ ಕಿವಿ ನಿಮಿರಿಸಿ ನೇರ ಬಂದು ಅವಳ ಕೈಗೆ ಮೂತಿ ತಾಗಿಸುತ್ತಿತ್ತು. ಆ ಕರೆ ತಪ್ಪುದಾರಿಗೆ ಒಯ್ಯಬಹುದೆಂದು ನಾಯಿಗೂ ಗೊತ್ತಿರಲಿಲ್ಲ, ಮಾಳವ್ವನಿಗೂ ಗೊತ್ತಿರಲಿಲ್ಲ.

ಬುಡದ ಕಲ್ಲು ತೀರಿದ ವರ್ಷ ಗಂಡಹೆಂಡತಿ ಮೊದಲ ಸಲ ನೆತ್ತಿಯವರೆಗೆ ಹತ್ತಿದರು. ಯಮನಪ್ಪ ಒಳ್ಳೆಯ ಕಲ್ಲು ಹುಡುಕುತ್ತ ಕೊರಕಲಿಗೆ ಇಳಿದುಹೋಗಿದ್ದ. ಮಾಳವ್ವ ಧೂಳಿಗೆಂದು ತಲೆ ಕಿವಿ ಸೇರಿಸಿ ಬಟ್ಟೆ ಸುತ್ತಿಕೊಂಡಿದ್ದಳು. ಬುಟ್ಟಿ ಇಳಿಸಿ, ಹಿಂದೆ ಬಂಡೆಯ ಮೇಲೆ ಮಲಗಿದ್ದ ಬೂದಿಯನ್ನು ಎಂದಿನಂತೆ ಕರೆದಳು. ನಾಯಿ ಎದ್ದು ಅವಳತ್ತ ಬರುತ್ತಿದ್ದುದು ನಡುವೆ ನಿಂತು, ಕಿವಿ ಹೊರಳಿಸಿ, ಕೊರಕಲಿನ ಕಡೆಗೆ ತಿರುಗಿತು. ಮೊಲದ ವಾಸನೆ ಹತ್ತಿರಬೇಕೆಂದುಕೊಂಡು ಅವಳು ಗಟ್ಟಿಯಾಗಿ ಕರೆದಳು. ನಾಯಿ ಹೆಜ್ಜೆ ಚುರುಕು ಮಾಡಿತು. ಮಾಳವ್ವ ಓಡುತ್ತ ಗಂಟಲು ಹರಿಯುವಂತೆ ಕೂಗಿದಳು. ಕೂಗಿದಷ್ಟೂ ಬೂದಿ ಅತ್ತಲೇ ಓಡಿತು. ಅಂಚಿನಲ್ಲಿ ಅದು ನಿಲ್ಲಲೂ ಇಲ್ಲ. ಬಾಲ ಆಡಿಸುತ್ತಲೇ ಕಣ್ಣಿಗೆ ಮರೆಯಾಯಿತು.

ಮಾಳವ್ವ ನಿಂತಲ್ಲೇ ನಿಂತಳು. ತಾನು ಇತ್ತ ನಿಂತು ಕರೆದರೆ ನಾಯಿ ಅತ್ತ ಏಕೆ ಹೋಯಿತೆಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಸುತ್ತಿಕೊಂಡ ಬಟ್ಟೆ ಯಾವಾಗಲೋ ಜಾರಿ ಕೊರಳಿಗೆ ಬಿದ್ದಿತ್ತು. ಅಷ್ಟರಲ್ಲಿ ತಳದಿಂದ ಯಮನಪ್ಪ ಕೂಗಿದ, “ಮಾಳೀ, ಅಂಚಿಗೆ ಬರಬ್ಯಾಡ.” ಕೂಡಲೇ ಕೊರಕಲಿನಾಚೆಯ ಬಂಡೆಗೋಡೆ ಅವನದೇ ದನಿಯಲ್ಲಿ “ಬರಬ್ಯಾಡ” ಎಂದಿತು. ಮಾಳವ್ವ ತಲೆಯೆತ್ತಿ ಎದುರಿಗೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು.

ಯಮನಪ್ಪ ಸತ್ತ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದು ಅವಳ ಮುಂದೆ ಇಳಿಸಿದ. “ನೀ ಕರದಿದ್ದು ನಿನ್ನ ಕಡೀಗೆ,” ಎಂದ. ಅವಳು, “ಅಕೀಗೆ ಕೇಳಿದ್ದು ನನ್ನ ದನೀನ,” ಎಂದಳು. ಅಂದು ಕೆಳಗಿನ ಹೊಲದಲ್ಲಿದ್ದವರಿಗೆ ಎರಡು ಕೂಗು ಕೇಳಿದ್ದವು, ಮಾಳವ್ವನದೊಂದು, ಗುಡ್ಡದ್ದೊಂದು. ಗುಡ್ಡವೇ ‘ಬಾರೇ’ ಎಂದು ನಾಯಿಯನ್ನು ಕರೆದುಕೊಂಡಿತೆಂದು ಅವರು ಆಡಿದ ಮಾತೇ ಹೆಸರಾಗಿ ನಿಂತಿತು ಎನ್ನುತ್ತಾರೆ. ಬೂದಿಯನ್ನು ಮಣ್ಣು ಮಾಡಿದ ಮರುದಿನವೇ ಮಾಳವ್ವ ಅಂಚಿಗೆ ಕಲ್ಲು ಹೊರಲು ತೊಡಗಿದಳು. “ಇನ್ಯಾರಿಗೆ ಈ ಗ್ವಾಡಿ?” ಎಂದು ಯಮನಪ್ಪ ಕೇಳಿದ. ಅವಳು ಮುಂದಿನ ಕಲ್ಲು ಎತ್ತಿಕೊಂಡಳು. ಅದನ್ನು ನೋಡಿ ಅವನೂ ಸುಣ್ಣ ಕಲಸಲು ಕೂತ.

ಇಂದಿಗೂ ಗುಡ್ಡ ಹತ್ತಿದವರಿಗೆ ಕೊರಕಲಿನ ಅಂಚಿನುದ್ದಕ್ಕೂ ಬೆಳ್ಳಗಿನ ಮೋಟುಗೋಡೆ ಕಾಣುತ್ತದೆ. ಇದು ಯಾರನ್ನು ತಡೆದೀತು ಎಂದು ನಗುತ್ತ, ಅದರ ಮೇಲೆ ಕಾಲಿಟ್ಟು ಬಗ್ಗಿ ನೋಡುವವರಿದ್ದಾರೆ. ಊರಿನವರು ನಗುವುದಿಲ್ಲ. ಮಳೆಗಾಲ ಕಳೆದ ಮೇಲೆ ಬಂದು ಸುಣ್ಣ ಬಳಿದು ಹೋಗುತ್ತಾರೆ. ಗೋಡೆಯ ಎತ್ತರ ನಾಯಿಯೊಂದರ ಎದೆಮಟ್ಟಕ್ಕೆ ಸರಿಯಾಗಿದೆ.