ಗಿರಿಯವ್ವನ ಕಿವಿ

ಕಾರೆಮಟ್ಟಿಯ ಪಡುವಲಿಗೆ, ಊರಿನಿಂದ ಅರ್ಧ ಹರದಾರಿ ದೂರದಲ್ಲಿ, ಒಂದು ಬೋಳು ಗುಡ್ಡವಿದೆ. ಅದರ ಹೆಸರು ಗಿರಿಯವ್ವನ ಕಿವಿ. ಹೆಸರು ಕೇಳಿ ಬಂದವರು ಕಿವಿಯಾಕಾರದ ಬಂಡೆ ಹುಡುಕಿ ಸುಸ್ತಾಗುತ್ತಾರೆ. ಕೆಲವರಂತೂ ಯಾವುದೋ ಒಂದು ಕಲ್ಲನ್ನು ಕಿವಿಯೆಂದು ತಾವೇ ತೀರ್ಮಾನಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಂಥ ಬಂಡೆ ಇಲ್ಲಿಲ್ಲ. ಗಿರಿಯವ್ವ ದೇವತೆಯೂ ಅಲ್ಲ. ಕೋವಿ ಮಾಡುವ ಕಮ್ಮಾರನೊಬ್ಬನ ಹೆಂಡತಿ.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ನಾಯಕನೊಬ್ಬನಿಗೆ, ನಡುವೆ ಮದ್ದು ತುಂಬಲು ನಿಲ್ಲದೆ ಐದು ಗುಂಡು ಹಾರಿಸುವ ಕೋವಿ ಬೇಕೆನಿಸಿತಂತೆ. ಆ ಕೆಲಸ ಗಿರಿಯವ್ವನ ಗಂಡ ಮಾಳೋಜನ ಪಾಲಿಗೆ ಬಂತು. ಅವನು ಒಂದೇ ಅಚ್ಚಿನ ಸುತ್ತ ಐದು ನಳಿಗೆ ಕೂಡಿಸಿ, ಒಂದು ಹಾರಿದ ಮೇಲೆ ಕೈಯಿಂದ ತಿರುಗಿಸಿದರೆ ಇನ್ನೊಂದು ಮದ್ದಿಗೆ ಕಿಡಿ ಹಚ್ಚುವ ಬತ್ತಿಯ ಎದುರಿಗೆ ಬರುವಂತೆ ಹೂಡಿದ. ಒಂದರ ಕಿಡಿ ಪಕ್ಕದ್ದಕ್ಕೆ ತಗಲದಿರಲೆಂದು ಪ್ರತಿ ನಳಿಗೆಯ ಮದ್ದಿನ ಕುಳಿಗೂ ಜಾರುವ ಮುಚ್ಚಳವಿಟ್ಟ. ಆದರೆ ಕೋವಿಯ ಜೀವವಿರುವುದು ನಳಿಗೆಯಲ್ಲಿ. ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುತ್ತಿ, ಬಡಿದು ಬೆಸೆದ ನಳಿಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಉಳಿದರೆ ಹಿಡಿದವನ ಮುಖವೇ ಹಾರಿಹೋಗುತ್ತದೆ. ಅದಕ್ಕೇ ಪ್ರತಿ ನಳಿಗೆಯನ್ನೂ ತೂಗುಹಾಕಿ, ಸುತ್ತಿಗೆಯಿಂದ ಬಾರಿಸಿ, ನಾದ ಕೇಳುವುದು ಆ ಕಸುಬಿನವರ ಪದ್ಧತಿ. ಒಡಕು ದನಿ ಬಂದರೆ ಮತ್ತೆ ಕುಲುಮೆಗೆ.

ಇಪ್ಪತ್ತು ವರ್ಷ ಕೋವಿ ಹಾರಿಸಿ ಪರೀಕ್ಷಿಸಿದ ಮಾಳೋಜನ ಎರಡೂ ಕಿವಿ ಹೋಗಿದ್ದವು. ಕಿವುಡ ಮಾಡಿದ ಕೋವಿಯನ್ನು ಯಾರು ಹಿಡಿದಾರು? ತುಟಿ ನೋಡಿ ಮಾತು ತಿಳಿಯುತ್ತ ಹೇಗೋ ಸಂಭಾಳಿಸುತ್ತಿದ್ದ. ಗುಟ್ಟು ಹೆಂಡತಿಗೊಬ್ಬಳಿಗೇ ಗೊತ್ತು. ಅವನು ಗುಡ್ಡದ ಮೇಲೆ ನಳಿಗೆ ಬಾರಿಸುವನು, ಬುತ್ತಿ ತಂದ ನೆವದಲ್ಲಿ ಗಿರಿಯವ್ವ ಎದುರಿನ ಕಲ್ಲಿನ ಮೇಲೆ ಕೂತು ಕೇಳುವಳು. ನಾದ ಶುದ್ಧವಾಗಿದ್ದರೆ ಬಲಗೈ ಎತ್ತುವಳು.

ನಾಲ್ಕು ನಳಿಗೆ ಹೀಗೆ ಮುಗಿದವು. ಐದನೆಯದು ಇನ್ನೂ ಕುಲುಮೆಯಲ್ಲಿದ್ದಾಗ ಗಿರಿಯವ್ವ ಮೂರೇ ದಿನದ ಜ್ವರದಲ್ಲಿ ತೀರಿಕೊಂಡಳು. ತಿಂಗಳು ಕಳೆದು, ಐದನೆಯದನ್ನೂ ಕೂಡಿಸಿದ ಮೇಲೆ ನಾಯಕನ ಆಳುಗಳು ಕೋವಿಗೆಂದು ಬಂದರು. ಅದನ್ನು ಹಿಡಿಯಬೇಕಾದವನು ಅವರ ಜೊತೆಯಲ್ಲೇ ಬಂದಿದ್ದ ಗಿರಿಯವ್ವನ ತಮ್ಮ ವೀರೋಜ. ಸುಮ್ಮನೆ ಕೊಟ್ಟುಬಿಟ್ಟಿದ್ದರೆ ಮಾಳೋಜನ ಹೆಸರೂ ಅನ್ನವೂ ಉಳಿಯುತ್ತಿದ್ದವು. ಅವನು ಎಲ್ಲರೆದುರಿಗೆ ಐದನೆಯ ನಳಿಗೆಯನ್ನು ಬಿಚ್ಚಿ ತೆಗೆದ.

"ನಂಗೆ ಕಿವಿ ಕೇಳ್ಸಲ್ಲ ಕಣಪ್ಪ. ಇಷ್ಟು ದಿನ ಕೇಳ್ತಿದ್ದೋಳು ನಿಮ್ಮಕ್ಕ. ಇದೊಂದನ್ನ ಅವಳು ಕೇಳಿಲ್ಲ," ಎಂದ.

ಕೋವಿ ನಾಲ್ಕೇ ನಳಿಗೆಯೊಡನೆ ಕೋಟೆಗೆ ಹೋಯಿತು. ಮಾಳೋಜನಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಅವನು ಉಳಿದ ನಳಿಗೆಯನ್ನು ಗುಡ್ಡದ ಮೇಲೆ ಸರಪಳಿಯಲ್ಲಿ ತೂಗುಹಾಕಿ, ದಿನಾ ಬುತ್ತಿಯ ಹೊತ್ತಿಗೆ ಬಾರಿಸಿ, ಎದುರಿನ ಖಾಲಿ ಕಲ್ಲನ್ನು ನೋಡುತ್ತ ಕೂರುತ್ತಿದ್ದನಂತೆ. ನಾದ ಊರಿಗೆಲ್ಲ ಕೇಳುತ್ತಿತ್ತು. ಗುಡಿಯ ಗಂಟೆಯಷ್ಟು ಶುದ್ಧವಾಗಿತ್ತು ಎನ್ನುತ್ತಾರೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೊನೆಗೆ ತಡೆಯಲಾರದೆ ವೀರೋಜ ಹತ್ತಿ ಬಂದು, ಅಕ್ಕನ ಕಲ್ಲಿನ ಮೇಲೆ ಕೂತು, "ಚೆನ್ನಾಗೈತೆ ಭಾವ," ಎಂದು ಬಲಗೈ ಎತ್ತಿದ. ಮಾಳೋಜ ಆ ಕೈಯನ್ನು ಮೆಲ್ಲಗೆ ಇಳಿಸಿದ.

"ನೀನು ನನ್ನ ಮುಖ ನೋಡಿ ಎತ್ತಿದೆ. ಅವಳು ನಳಿಗೆ ಕೇಳಿ ಎತ್ತೋಳು."

ಗುಡ್ಡಕ್ಕೆ ಊರವರು ಅವಳ ಕಿವಿಯ ಹೆಸರಿಟ್ಟರು. ಅವನ ಹೆಸರಿಡಬೇಕೆಂದು ಯಾರಿಗೂ ತೋಚಲಿಲ್ಲ. ನಳಿಗೆ ತುಕ್ಕು ಹಿಡಿದು ಈಗಲೂ ಅಲ್ಲೇ ತೂಗುತ್ತಿದೆ. ಹತ್ತಿ ಬಂದವರು ಕಲ್ಲಿನಿಂದ ಬಾರಿಸುತ್ತಾರೆ, ಜೊತೆಗಿದ್ದವರು ಎದುರಿಗೆ ಕೂತು ಕೈ ಎತ್ತುತ್ತಾರೆ. ಒಬ್ಬರೇ ಬಂದವರು ಬಾರಿಸಬಾರದೆಂಬುದು ಇಲ್ಲಿಯ ರೂಢಿ. ನನ್ನಾಕೆ ಹೋದ ಮೇಲೆ ನಾನು ಎರಡು ಸಲ ಹತ್ತಿದ್ದೇನೆ. ಬಾರಿಸಿಲ್ಲ.