ಮೂರನೆಯ ತುಂಡು

ಹೊಳೆಯ ಈ ದಂಡೆಯಲ್ಲಿ ಅಜ್ಜನವರ ಮಠ, ಆ ದಂಡೆಯಲ್ಲಿ ಅಕ್ಕನವರ ಮಠ. ನಡುವೆ ಮಲಪ್ರಭೆ.

ಅಕ್ಕನವರ ಮಠದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಮತ್ತು ಇಂಗ್ಲಿಷ್ ಕಲಿಸುವ ಶಾಲೆ ಶುರುವಾಗುವುದಿತ್ತು. ಕಂಪ್ಯೂಟರ್‌ಗಳು ಬಂದಿದ್ದವು, ಕಲಿಸುವವರು ಬೇಕಿತ್ತು. ಅಜ್ಜನವರ ಶಿಷ್ಯ ಅಡಿವೆಪ್ಪನಿಗೆ ಆ ಕೆಲಸ ತನಗೇ ಸಿಗಬೇಕೆಂಬ ಹಂಬಲ. ಪಟ್ಟಣದಲ್ಲಿ ಕೋರ್ಸು ಮುಗಿಸಿ ಬಂದವನು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಅಡಿವೆಪ್ಪನ ಕೊಡ ದಿನವಿಡೀ ತುಳುಕುತ್ತಿತ್ತು.

"ಅಜ್ಜಾರ, ನನ್ನ ಕಳಸ್ರಿ. ಸರ್ವರ್, ರೌಟರ್, ಬ್ರೌಸರ್, ಎಲ್ಲಾ ಬಾಯಿಪಾಠ ಅದಾವ."

"ಇಮೇಲ್ ಹೆಂಗ ಹೋಗ್ತೈತಿ?"

"ಇಡಿಯಾಗಿ ಹೋಗೂದಿಲ್ರಿ. ತುಂಡು ತುಂಡಾಗಿ ಹೋಗ್ತೈತಿ. ಪ್ರತಿ ತುಂಡಿನ ಮ್ಯಾಲೂ ವಿಳಾಸ, ನಂಬರು. ಒಂದೊಂದು ಒಂದೊಂದು ದಾರಿ ಹಿಡೀತೈತಿ. ಅಲ್ಲಿ ಹೋಗಿ ಮತ್ತ ಕೂಡ್ತಾವ."

"ದಾರ್ಯಾಗ ಒಂದು ತುಂಡು ಕಳೀತಂದ್ರ?"

"ಕಳಿಯೂದಿಲ್ರಿ ಅಜ್ಜಾರ. ಅದು ಕಂಪ್ಯೂಟರ್."

ಅಜ್ಜನವರು ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಅಕ್ಕನವರಿಗೆ ಒಂದು ಪತ್ರ ಬರೆದರು. ಎರಡೂ ಹಾಳೆ ಒಟ್ಟಿಗೆ ಹಿಡಿದು ನಾಲ್ಕು ತುಂಡು ಮಾಡಿದರು. ಪ್ರತಿ ತುಂಡಿನ ಮೂಲೆಯಲ್ಲಿ ನಂಬರು ಹಾಕಿದರು.

ಮೇಲಿನ ಹಾಳೆಯ ತುಂಡುಗಳನ್ನು ನಾಲ್ವರು ಶಿಷ್ಯರಿಗೆ ಹಂಚಿದರು. ಒಬ್ಬ ಬಸ್ಸಿನಲ್ಲಿ ಸೇತುವೆ ದಾಟಬೇಕು, ಒಬ್ಬ ಸೈಕಲ್ಲಿನಲ್ಲಿ ಸುತ್ತಿ ಹೋಗಬೇಕು, ಒಬ್ಬ ಒಡ್ಡಿನ ಮೇಲೆ ನಡೆಯಬೇಕು. ಅಡಿವೆಪ್ಪನಿಗೆ ಹರಿಗೋಲು, ಮೂರನೆಯ ತುಂಡು. ಕಾರ್ಬನ್ ನಕಲುಗಳನ್ನು ಅಜ್ಜನವರು ವಿಭೂತಿ ತಟ್ಟೆಯ ಕೆಳಗೆ ಇಟ್ಟುಕೊಂಡರು.

"ಅವು ಯಾಕ್ರಿ?" ಎಂದ ಅಡಿವೆಪ್ಪ.

"ಮುಟ್ಟೇತಿ ಅಂತ ಸುದ್ದಿ ಬರೂತನಕ ಇರಲಿ."

ಅಡಿವೆಪ್ಪ ತನ್ನ ತುಂಡನ್ನು ತಿರುಗಿಸಿ ನೋಡಿದ. ಅರ್ಧ ಕಡಿದ ಶಬ್ದಗಳು, ತಲೆಯೂ ಇಲ್ಲ ಬಾಲವೂ ಇಲ್ಲ. ಇಷ್ಟು ಕಲಿತ ನನಗೆ ಇಂಥ ಚೂರೇ ಎಂದು ಮನಸ್ಸಿಗೆ ಚುಚ್ಚಿತು.

ಹರಿಗೋಲು ನಡುಹೊಳೆಗೆ ಬಂದಾಗ ಅಂಬಿಗ ದುರಗಪ್ಪ ಕೇಳಿದ, "ಕೈಯಾಗ ಏನ್ರಿ ಅದು?"

ಕೇಳಿದ್ದೇ ತಡ, ಅಡಿವೆಪ್ಪ ಎದ್ದು ನಿಂತ. "ಇದಕ್ಕ ಪ್ಯಾಕೆಟ್ ಅಂತಾರಪಾ. ನೋಡಿಲ್ಲಿ, ಇದು ನಂಬರು. ಇದನ್ನ ನೋಡೇ ಅಲ್ಲಿ ಕೂಡಸ್ತಾರ."

"ಕುಂದರ್ರಿ, ಗಾಳಿ ಐತಿ."

"ಅಲ್ಲೋ, ಪೂರ್ತಿ ಕೇಳು..."

ಪೂರ್ತಿ ಹೇಳಲು ಗಾಳಿ ಬಿಡಲಿಲ್ಲ. ಚೂರು ಕೈಯಿಂದ ಹಾರಿ ನೀರಿಗೆ ಬಿತ್ತು, ಎರಡು ಸುತ್ತು ಸುತ್ತಿ ಮುಳುಗಿತು. ದುರಗಪ್ಪ ನೀರು ನೋಡಿದ, ಅಡಿವೆಪ್ಪನ ಮುಖ ನೋಡಿದ, ಮತ್ತೆ ಹುಟ್ಟು ಹಾಕಿದ.

ದಡ ಸೇರಿದಾಗ ಒಂದೇ ಯೋಚನೆ: ಶಾಲೆ ಕೈತಪ್ಪಿತು. ಚಹಾದಂಗಡಿಯಲ್ಲಿ ಒಂದು ಹಾಳೆ ಬೇಡಿದ. ಅಂಚು ಹರಿದು, ಮೂಲೆಯಲ್ಲಿ ಮೂರು ಎಂದು ಹಾಕಿ, "ಇಲ್ಲಿ ಎಲ್ಲರೂ ಕ್ಷೇಮ, ಶಾಲೆ ಚೆನ್ನಾಗಿ ನಡೆಯಲಿ" ಎಂದು ಬರೆದ. ಒಳ್ಳೆಯ ಮಾತೇ ಅಲ್ಲವೇ, ಯಾರಿಗೇನು ನಷ್ಟ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಮಠದ ಮೆಟ್ಟಿಲಲ್ಲಿ ಕಾಲು ತಡೆಯಿತು.

ಉಳಿದ ಮೂವರು ಆಗಲೇ ಬಂದಿದ್ದರು. ಅಕ್ಕನವರು ಚಾಪೆಯ ಮೇಲೆ ತುಂಡುಗಳನ್ನು ಹೊಂದಿಸಿ ಕೂತಿದ್ದರು. ಒಂದು, ಎರಡು, ಅಂಗೈಯಷ್ಟು ಖಾಲಿ ಜಾಗ, ನಾಲ್ಕು.

ಅಡಿವೆಪ್ಪನ ತುಂಡನ್ನು ಆ ಜಾಗದಲ್ಲಿ ಇಟ್ಟು ನೋಡಿದರು. ಒಂದು ಅಂಚು ಕೂಡಲಿಲ್ಲ, ಇನ್ನೊಂದೂ ಕೂಡಲಿಲ್ಲ. ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

"ಮೂರನೇದು ಬಂದಿಲ್ಲ," ಎಂದರು. "ಮತ್ತೊಮ್ಮೆ ಕಳಸ್ರಿ ಅಂತ ಅಜ್ಜಾರಿಗೆ ಹೇಳಪಾ."

"ನಾನು ಬಂದೀನಲ್ರಿ, ಅಕ್ಕಾರ."

"ನೀ ಬಂದಿ. ಅದು ಬಂದಿಲ್ಲ. ಮಜ್ಜಿಗಿ ಕುಡದು ಹೋಗು."

ಮಜ್ಜಿಗೆಯ ಲೋಟ ಹಾಗೇ ಉಳಿಯಿತು. ದುರಗಪ್ಪನಿಗೆ ಮುಖ ತೋರಿಸಲು ನಾಚಿಕೆಯಾಗಿ ಅಡಿವೆಪ್ಪ ಸೇತುವೆ ಸುತ್ತಿ ನಡೆದೇ ಬಂದ. ಮಠ ಮುಟ್ಟಿದವನೇ ತನ್ನ ಬಟ್ಟೆಬರೆ ಗಂಟು ಕಟ್ಟಿದ. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಅಜ್ಜನವರ ಮುಂದೆ ನಿಂತ.

"ತಪ್ಪಾತ್ರಿ ಅಜ್ಜಾರ. ದೊಡ್ಡಸ್ತಿಕಿ ತೋರಸಾಕ ಹೋಗಿ ಹೊಳಿಗೆ ಬೀಳಿಸಿದೆ. ಆಮ್ಯಾಲ ನಾನ ಸುಳ್ಳು ಬರದು ಕೊಟ್ಟೆ."

"ಅಕ್ಕಾರು ಏನಂದ್ರು?"

"ಮೂರನೇದು ಬಂದಿಲ್ಲ, ಮತ್ತ ಕಳಸ್ರಿ ಅಂದ್ರು."

"ಬೈದ್ರೇನು?"

"ಇಲ್ರಿ. ಬೈದಿದ್ರ ಚಲೋ ಆಗ್ತಿತ್ತು." ಅಡಿವೆಪ್ಪನ ಕಣ್ಣು ತುಂಬಿ ಬಂದವು. ಇಷ್ಟು ವರ್ಷ ಯಾವ ಬೈಗುಳಕ್ಕೂ ಅವನು ಅತ್ತವನಲ್ಲ.

ಅಜ್ಜನವರು ವಿಭೂತಿ ತಟ್ಟೆ ಎತ್ತಿದರು. ಅದರ ಕೆಳಗಿನಿಂದ ಮೂರನೆಯ ನಕಲನ್ನು ತೆಗೆದು ಚಾಚಿದರು.

ಅಡಿವೆಪ್ಪ ಕೈ ಮುಂದೆ ಮಾಡಲಿಲ್ಲ. "ಬ್ಯಾರೇದವರ ಕೈಯಾಗ ಕಳಸ್ರಿ."

"ಬಸ್ಸಿನಾಂವ ತನ್ನ ತುಂಡು ಮುಟ್ಟಿಸ್ಯಾನ. ಸೈಕಲ್ಲಿನಾಂವ ಮುಟ್ಟಿಸ್ಯಾನ. ಒಡ್ಡಿನ ಮ್ಯಾಲ ನಡದಾಂವನೂ ಮುಟ್ಟಿಸ್ಯಾನ. ಇದು ನಿಂದು."

"ಮತ್ತ ಕಳದ್ರ?"

"ಮತ್ತ ಬರಕೊಡ್ತೀನಿ."

ಅಡಿವೆಪ್ಪ ಗಂಟನ್ನು ಕೆಳಗಿಟ್ಟ. ಚೂರನ್ನು ತೆಗೆದುಕೊಂಡು ಅಂಗಿಯ ಒಳಜೇಬಿಗೆ ಹಾಕಿದ, ಮೇಲೆ ಕೈ ಒತ್ತಿ ಹಿಡಿದ. ಬಾಗಿಲತನಕ ಹೋಗಿ ತಿರುಗಿದ.

"ಅಜ್ಜಾರ, ಆ ಶಾಲಿಗೆ ಇನ್ನ ಯಾರನ್ನ ಕಳಸ್ತೀರಿ?"

"ಒಂದು ತುಂಡು ಕಳೀತಂದ್ರ ಅಂತ ಮುಂಜಾನಿ ನಾ ಕೇಳಿದ್ದೆ. ಅದರ ಉತ್ತರ ಈಗ ಯಾರಿಗೆ ಗೊತ್ತೈತಿ, ಅವನನ್ನ ಕಳಸ್ತೀನಿ."

ಅಡಿವೆಪ್ಪ ಬಾಗಿಲಲ್ಲೇ ನಿಂತು ಒಳಜೇಬನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ.

"ನಿಂತಿ ಯಾಕೋ? ಲಗೂನ ಹೊಂಡು," ಎಂದರು ಅಜ್ಜನವರು. "ಅಕ್ಕಾರು ಇನ್ನೂ ಜಾಗಾ ಬಿಟ್ಟು ಕುಂತಾರ."